ಬದಲಾವಣೆ ಇಲ್ಲ ಎಂದು ಗುರುತು ಹಾಕಿದ್ದು

ನಮ್ಮವರು ತೀರಿಕೊಂಡ ಮೇಲೂ ಹತ್ತು ತಿಂಗಳು ಅವರು ಬದುಕಿದ್ದಾರೆ ಎಂದು ನಾನು ಇನ್ಷೂರೆನ್ಸ್ ಕಂಪನಿಯನ್ನು ನಂಬಿಸಿದ್ದೆ. ಹೀಗೆ ಹೇಳಿದರೆ ಯಾರೋ ದೊಡ್ಡ ಮೋಸಗಾತಿಯ ಕಥೆ ಅನ್ನಿಸಬಹುದು. ನಾನು ಮಾಡಿದ್ದು ಇಷ್ಟೇ: ಅವರ ಹೆಸರಿನಲ್ಲಿದ್ದ ಮನೆ ಪಾಲಿಸಿಗೆ ಅವರ ಪಾಸ್‌ವರ್ಡ್ ಹಾಕಿ ಲಾಗಿನ್ ಆಗಿ ಕಂತು ಕಟ್ಟಿದೆ, ಫೋನ್ ಬಂದಾಗ "ಮನೇಲಿಲ್ಲ" ಅಂದೆ, ಒಂದು ಪ್ರಶ್ನೆಗೆ "ಇಲ್ಲ" ಎಂದು ಗುರುತು ಹಾಕಿದೆ. ಆ ಒಂದು ಗುರುತಿನಿಂದ ಶ್ಯಾಂಟಿಲಿಯ ಈ ಮನೆ ಬಿಟ್ಟು ಹೋಗಬೇಕಾದ ಪರಿಸ್ಥಿತಿ ಬಂತು.

ನಾವಿಬ್ಬರೂ ಮೈಸೂರಿನಲ್ಲಿ ಒಟ್ಟಿಗೆ ಡಾಕ್ಟರ್ ಓದಿದವರು. ಈ ದೇಶಕ್ಕೆ ಬಂದ ಮೇಲೆ ಅವರು ಅನಸ್ತೇಶಿಯಾ ಹಿಡಿದರು, ನಾನು ಪೆಥಾಲಜಿ. ಅವರು ರೋಗಿಯನ್ನು ಮಲಗಿಸುತ್ತಿದ್ದರು, ನಾನು ರೋಗಿಯಿಂದ ಕತ್ತರಿಸಿ ತೆಗೆದ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರಿಪೋರ್ಟ್ ಬರೆಯುತ್ತಿದ್ದೆ. ಇಬ್ಬರಿಗೂ ಎಚ್ಚರವಿದ್ದ ಮನುಷ್ಯರ ಜೊತೆ ಮಾತಾಡಿ ಅಭ್ಯಾಸ ಕಮ್ಮಿ. ಮನೆಯಲ್ಲೂ ಅಷ್ಟೇ. ಕಾಗದ ಪತ್ರ ಅವರ ಪಾಲು, ಅಡುಗೆ ನನ್ನ ಪಾಲು, ಜಗಳ ಸಮಪಾಲು.

ಲಿವಿಂಗ್ ಟ್ರಸ್ಟ್ ಅನ್ನುವ ಮಾತು ನಮ್ಮ ಮನೆಗೆ ಬಂದದ್ದು ಕೋವಿಡ್ ಕಾಲದಲ್ಲಿ. ಪರಿಚಯದ ಡಾಕ್ಟರೊಬ್ಬರು ಹೋಗಿಬಿಟ್ಟರು. ಮನೆ ಅವರೊಬ್ಬರ ಹೆಸರಿನಲ್ಲೇ ಇತ್ತು, ಹೆಂಡತಿ ಪಾಪ ಕೋರ್ಟಿಗೆ ಅಲೆದು ಸಾಕಾಗಿಹೋದರು. ನಮ್ಮವರಿಗೆ ಭಯ ಹತ್ತಿತು. ಕನ್ನಡ ಸಂಘದವರು ಒಬ್ಬ ಲಾಯರನ್ನು ಝೂಮಿನಲ್ಲಿ ಕೂರಿಸಿ ಮಾತಾಡಿಸಿದಾಗ ಇವರು ಪೆನ್ನು ಪ್ಯಾಡು ಹಿಡಿದು ಪರೀಕ್ಷೆಗೆ ಕೂತವರ ಹಾಗೆ ಬರೆದುಕೊಂಡರು. ಆಮೇಲೆ ನನಗೆ ಪಾಠ ಆಯಿತು. ಬದುಕಿರುವಾಗಲೇ ಮನೆಯನ್ನು ಟ್ರಸ್ಟಿಗೆ ಬರೆದುಬಿಡುವುದು. ಟ್ರಸ್ಟ್ ನೋಡಿಕೊಳ್ಳುವವರೂ ನಾವೇ, ಮನೆಯಲ್ಲಿ ಇರುವವರೂ ನಾವೇ. ನಾವಿಬ್ಬರೂ ಹೋದ ಮೇಲೆ ಕೋರ್ಟು ಕಚೇರಿ ಇಲ್ಲದೆ ಮಗಳಿಗೆ ಹೋಗುತ್ತದೆ.

"ಅಂದ್ರೆ ಇನ್ಮೇಲೆ ಈ ಮನೆ ನಮ್ದಲ್ಲ?" ಎಂದು ಕೇಳಿದೆ.

"ನಮ್ದೇ. ಕಾಗದದ ಮೇಲೆ ಮಾತ್ರ ನಮ್ದಲ್ಲ."

"ಇದೊಳ್ಳೆ ಕಥೆ ಆಯ್ತಲ್ಲ. ಸಾಲ ತೀರಿಸೋಕೆ ಮೂವತ್ತು ವರ್ಷ, ಬಿಟ್ಟುಕೊಡೋಕೆ ಒಂದು ಸಹಿ."

"ಒಂದಲ್ಲ, ಹನ್ನೊಂದು ಕಡೆ ಹಾಕ್ಬೇಕು," ಅಂದರು. ತೋರಿಸಿದ ಕಡೆಯೆಲ್ಲ ಹಾಕಿದೆ. ಓದಲಿಲ್ಲ. ಊರಿಗೆಲ್ಲ ಓದಿ ಸಹಿ ಹಾಕಿ ಎಂದು ಬುದ್ಧಿ ಹೇಳುವವಳು ನಾನು.

ಲಾಯರ್ ಒಂದು ಪಟ್ಟಿಯನ್ನೂ ಕೊಟ್ಟಿದ್ದ. ಟ್ರಸ್ಟ್ ಆದ ಮೇಲೆ ಯಾರು ಯಾರಿಗೆ ತಿಳಿಸಬೇಕು ಎಂದು. ಮನೆಗಳ ದಾಖಲೆ ಇಡುವ ಕೌಂಟಿ ಕಚೇರಿಗೆ, ಬ್ಯಾಂಕಿಗೆ, ಇನ್ನೂ ಒಂದೆರಡು ಕಡೆ. ಎಲ್ಲದರ ಮುಂದೆಯೂ ಇವರ ಟಿಕ್ ಇತ್ತು. ಕೊನೆಯ ಸಾಲು ಮನೆ ಇನ್ಷೂರೆನ್ಸ್‌ನದು: ಪಾಲಿಸಿಯಲ್ಲಿ ಟ್ರಸ್ಟಿನ ಹೆಸರೂ ಸೇರಿಸಿ. ಅದರ ಮುಂದೆ ಮಾತ್ರ ಖಾಲಿ. ಎರಡು ಸಲ ಫೋನ್ ಮಾಡಿ, ಕಾಯಿಸುವಾಗ ಅವರು ಹಾಕುವ ಸಂಗೀತ ಕೇಳಿ ಕೇಳಿ ರೇಗಿ ಇಟ್ಟುಬಿಟ್ಟಿದ್ದರು. ನಾನು ನೆನಪಿಸಿದರೆ "ಮಾಡ್ತೀನಿ ಬಿಡು, ಮನೆ ಎಲ್ಲಿಗೂ ಹೋಗಲ್ಲ" ಅನ್ನುತ್ತಿದ್ದರು. ಅಲ್ಲಿಗೆ ಕಾಗದದಲ್ಲಿ ಮನೆ ಟ್ರಸ್ಟಿನದಾಯಿತು, ಇನ್ಷೂರೆನ್ಸ್ ಮಾತ್ರ ಮೊದಲಿನ ಹಾಗೆ ಅವರೊಬ್ಬರ ಹೆಸರಿನಲ್ಲೇ ಉಳಿಯಿತು. ನನ್ನ ಹೆಸರು ಅದರಲ್ಲಿ ಯಾವತ್ತೂ ಇರಲಿಲ್ಲ. ಮನೆ ಕೊಂಡ ತಿಂಗಳು ನಾನು ಬಾಣಂತಿ ತಂಗಿಯನ್ನು ನೋಡಲು ಮೈಸೂರಿಗೆ ಹೋಗಿದ್ದೆ, ಇವರೊಬ್ಬರೇ ಹೋಗಿ ಪಾಲಿಸಿ ಮಾಡಿಸಿದ್ದರು. ಆಮೇಲೆ ಸೇರಿಸಬೇಕು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಎರಡು ವರ್ಷದ ಮೇಲೆ, ಸೆಪ್ಟೆಂಬರಿನ ಒಂದು ಬೆಳಗ್ಗೆ, ಅವರು ವಾಕಿಂಗ್ ಮುಗಿಸಿ ಬಂದು ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುತ್ತಿದ್ದರು. ಹಾಗೇ ಪಕ್ಕಕ್ಕೆ ವಾಲಿದರು. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಆದರೂ ಆಂಬುಲೆನ್ಸ್ ಬರುವವರೆಗೆ ಎದೆ ಒತ್ತುತ್ತಲೇ ಇದ್ದೆ. ಬಂದವನು ನನ್ನ ಕೈ ಹಿಡಿದು ನಿಲ್ಲಿಸಬೇಕಾಯಿತು.

ಅವರು ದೇವರು ದಿಂಡರು ಎಂದು ಹೆಚ್ಚು ತಲೆ ಕೆಡಿಸಿಕೊಂಡವರಲ್ಲ. ಆದರೆ ಅವರಮ್ಮ ಹೋದಾಗ ಒಂದು ವರ್ಷ ತಿಂಗಳು ತಿಂಗಳೂ ಮಾಸಿಕ ಮಾಡಿದ್ದರು. ಹಾಗಾಗಿ ನಾನೂ ಮಾಡಿಸಿದೆ. ಪ್ರತಿ ತಿಂಗಳು ಅವರು ಹೋದ ತಿಥಿಯ ದಿನ ಮೇರಿಲ್ಯಾಂಡಿನಿಂದ ಪುರೋಹಿತರು ವ್ಯಾನಿನಲ್ಲಿ ಬರುತ್ತಿದ್ದರು. ನಾನು ದರ್ಭೆ ಕೊಟ್ಟರೆ ನನ್ನ ಪರವಾಗಿ ಅವರೇ ಮಾಡುತ್ತಿದ್ದರು. ವಡೆ, ಪಾಯಸ, ಎಳ್ಳುಂಡೆ, ನಮ್ಮವರಿಗೆ ಆಗದ ಹಾಗಲಕಾಯಿ ಬಿಟ್ಟು ಉಳಿದದ್ದೆಲ್ಲ ಮಾಡುತ್ತಿದ್ದೆ. ಮೊದಲನೇ ತಿಂಗಳು ಪುರೋಹಿತರು ಹೇಳಿದ್ದರು: "ವರ್ಷ ತುಂಬೋವರೆಗೂ ಅವ್ರು ದಾರಿಯಲ್ಲಿರ್ತಾರಮ್ಮ. ಇದೆಲ್ಲ ದಾರಿಗೆ ಬುತ್ತಿ ಅಂದ್ಕೊಳ್ಳಿ."

ಹೆಣ ಕೊಯ್ದು ನೋಡಿದ ನನಗೆ ಈ ಮಾತಿನಲ್ಲಿ ನಂಬಿಕೆ ಏನೂ ಇರಲಿಲ್ಲ. ಆದರೆ ಅನುಕೂಲ ಇತ್ತು. ಮಗಳು ಷಾರ್ಲೆಟ್‌ನಿಂದ ಫೋನ್ ಮಾಡಿ ಅಪ್ಪನ ಹೆಸರು ಅಲ್ಲಿ ತೆಗೆಸಿದ್ಯಾ, ಇಲ್ಲಿ ತೆಗೆಸಿದ್ಯಾ ಎಂದಾಗೆಲ್ಲ "ವರ್ಷಾಬ್ದಿಕ ಆಗ್ಲಿ ಕಣೇ, ಆಮೇಲೆ" ಅನ್ನುತ್ತಿದ್ದೆ. ಅವಳು ಇಲ್ಲೇ ಹುಟ್ಟಿದವಳು, ಬ್ಯಾಂಕಿನಲ್ಲಿ ಕೆಲಸ. ಶಾಸ್ತ್ರ ಅಂದರೆ ಅವಳು ಎದುರಾಡುವುದಿಲ್ಲ, ಯಾಕೆಂದರೆ ಅವಳಿಗೆ ಅದು ಗೊತ್ತಿಲ್ಲ. ನಾನು ಅದರ ಲಾಭ ಪಡೆದೆ. ಸಂಘದ ಹೆಂಗಸರೂ "ಹೌದು, ವರ್ಷದೊಳಗೆ ಏನೂ ಮುಟ್ಟಬಾರದು" ಎಂದು ತಲೆಯಾಡಿಸಿದರು. ನಮ್ಮಲ್ಲಿ ಅರ್ಧ ಜನ ಹೀಗೇ ಮಾಡುತ್ತಾರೆ.

ಫೆಬ್ರವರಿಯಲ್ಲಿ ಪಾಲಿಸಿ ನವೀಕರಣ ಬಂತು. ಕಂಪ್ಯೂಟರಿನಲ್ಲಿ ನಾಲ್ಕೈದು ಪ್ರಶ್ನೆ. ಅದರಲ್ಲೊಂದು: ಕಳೆದ ವರ್ಷದಿಂದ ಮನೆಯ ಮಾಲೀಕತ್ವದಲ್ಲಾಗಲಿ, ಪಾಲಿಸಿದಾರರ ವಿಷಯದಲ್ಲಾಗಲಿ ಏನಾದರೂ ಬದಲಾವಣೆ ಇದೆಯೇ? ಹೌದು, ಇಲ್ಲ. ನಾನು ಹೌದು ಎಂದೇ ಒತ್ತಿದೆ. ಹೊಸ ಪುಟ ತೆರೆದುಕೊಂಡು ಕಾರಣಗಳ ಪಟ್ಟಿ ಕೊಟ್ಟಿತು. ಮಾರಾಟ, ವಿಚ್ಛೇದನ, ಮರಣ. ಮರಣ ಎಂದು ಒತ್ತಿದೆ. ದಿನಾಂಕ ಕೇಳಿತು. ಕೂತು ನೋಡಿದೆ ಅದನ್ನು. ಒಲೆಯ ಮೇಲೆ ಹಾಲಿಟ್ಟಿದ್ದು ನೆನಪಾಗಿ ಎದ್ದು ಹೋಗಿ ಉರಿ ಆರಿಸಿ ಬಂದೆ. ಆಮೇಲೆ ಎರಡು ಪುಟ ಹಿಂದಕ್ಕೆ ಹೋಗಿ ಇಲ್ಲ ಎಂದು ಗುರುತು ಹಾಕಿ ಕಳಿಸಿದೆ.

ಜುಲೈನ ಒಂದು ಮಧ್ಯಾಹ್ನ ಗುಡುಗು ಮಳೆ ಬಂದು ಹಿತ್ತಲಿನ ಟ್ಯುಲಿಪ್ ಪಾಪ್ಲರ್ ಮರ ಮನೆಯ ಮೇಲೆ ಬಿತ್ತು. ನಾನು ಕೆಳಗೆ ಬೀನ್ಸ್ ಹೆಚ್ಚುತ್ತಿದ್ದೆ. ಮೇಲಿನ ಎರಡು ರೂಮಿನ ಸೂರು ಕುಸಿದು ನೀರು ಗೋಡೆಯೊಳಗಿಂದ ಅಡುಗೆಮನೆಗೆ ಇಳಿಯಿತು. ಪಕ್ಕದ ಮನೆಯವರು ಬಂದು ಟಾರ್ಪಾಲು ಹೊದಿಸಿ ಕೊಟ್ಟರು. ನಾನು ಗಾಬರಿಯಾಗಲಿಲ್ಲ. ಇನ್ಷೂರೆನ್ಸ್ ಇದೆಯಲ್ಲ ಎಂದು ಧೈರ್ಯವಾಗಿ ನಮ್ಮವರ ಲಾಗಿನ್ನಿನಿಂದಲೇ ಕ್ಲೇಮ್ ಹಾಕಿದೆ.

ಮೂರನೇ ದಿನ ಕಂಪನಿಯವನು ಏಣಿ ಹೊತ್ತುಕೊಂಡು ಬಂದ. ಒಳ್ಳೆಯ ಮನುಷ್ಯ, ಶೂಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಕೊಂಡೇ ಒಳಗೆ ಬಂದ. ಎಲ್ಲ ಅಳೆದು, ಫೋಟೋ ತೆಗೆದು, ಪಾಲಿಸಿದಾರರ ಸಹಿ ಬೇಕು ಅಂದ. ಮನೇಲಿಲ್ಲ ಅಂದೆ. ಎಷ್ಟು ಹೊತ್ತಿಗೆ ಬರ್ತಾರೆ, ಬೇಕಿದ್ರೆ ಕಾಯ್ತೀನಿ ಅಂದ. ಫೋನಿನಲ್ಲಿ ಸಲೀಸಾಗಿ ಬರುತ್ತಿದ್ದ ಮಾತು ಆ ಮನುಷ್ಯನ ಮುಖ ನೋಡಿಕೊಂಡು ಬರಲಿಲ್ಲ.

"ಬರಲ್ಲ," ಅಂದೆ. "ತೀರಿಕೊಂಡಿದ್ದಾರೆ."

ಅವನು ಟೋಪಿ ತೆಗೆದು ಸಾರಿ ಅಂದ. ಯಾವಾಗ ಎಂದು ಕೇಳಿದ. ಹೇಳಿದೆ. ಅವನು ಬರೆದುಕೊಳ್ಳುವುದನ್ನು ನಿಲ್ಲಿಸಿ ಪೆನ್ನು ಜೇಬಿಗೆ ಹಾಕಿದ.

ಎರಡು ವಾರದಲ್ಲಿ ಒಂದು ಕಾಗದ ಬಂತು. ಕೊಡುತ್ತೇವೆ ಅಂತಲೂ ಇಲ್ಲ, ಕೊಡಲ್ಲ ಅಂತಲೂ ಇಲ್ಲ, ಪರಿಶೀಲಿಸುತ್ತಿದ್ದೇವೆ ಎಂದು ಮೂರು ಪುಟ. ಪಾಲಿಸಿದಾರರು ಬದುಕಿಲ್ಲ. ಕೌಂಟಿ ದಾಖಲೆಯಲ್ಲಿ ಮನೆ ಅವರದೂ ಅಲ್ಲ, ಯಾವುದೋ ಟ್ರಸ್ಟಿನದು. ಬದಲಾವಣೆ ಇದೆಯೇ ಎಂದರೆ ಇಲ್ಲ ಎಂಬ ಉತ್ತರ ಬಂದಿದೆ, ಅದೂ ಸತ್ತವರ ಲಾಗಿನ್ನಿನಿಂದ. ಓದುತ್ತಾ ನನಗೇ ಇದರಲ್ಲೇನೋ ಕಳ್ಳತನ ಇದೆ ಅನ್ನಿಸಿತು.

ಟ್ರಸ್ಟ್ ಮಾಡಿಸಿದ ಲಾಯರನ್ನೇ ಕೇಳಿದೆ. ಅವನು ಪಾಲಿಸಿ ಪುಸ್ತಕ ತಿರುವಿ ಹೇಳಿದ: ಗಂಡ ಹೋದರೂ ಅದೇ ಮನೆಯಲ್ಲಿರುವ ಹೆಂಡತಿಗೆ ಪಾಲಿಸಿ ಅನ್ವಯಿಸುತ್ತದೆ, ಅಲ್ಲಿ ಭಯವಿಲ್ಲ. ಟ್ರಸ್ಟಿನ ಹೆಸರು ಸೇರಿಸದೇ ಇದ್ದದ್ದು ತಪ್ಪು, ಆದರೆ ಟ್ರಸ್ಟ್ ನೋಡಿಕೊಳ್ಳುವವರೂ ನೀವೇ ಆದ್ದರಿಂದ ವಾದಿಸಬಹುದು. ತೊಂದರೆ ಇರುವುದು ಆ ಟಿಕ್‌ನಲ್ಲಿ. ಗೊತ್ತಿದ್ದೂ ಸುಳ್ಳು ಹೇಳಿದ್ದೀರಿ, ಅದು ಮುಖ್ಯವಾದ ಸುಳ್ಳು ಎಂದು ತೀರ್ಮಾನಿಸಿದರೆ ಪಾಲಿಸಿಯನ್ನೇ ಹೊಡೆದುಹಾಕುತ್ತಾರೆ. ಆಗ ಸೂರು ರಿಪೇರಿ ನಿಮ್ಮ ತಲೆ ಮೇಲೆ. ಅರ್ಧ ಸೂರಿನ ಮನೆಗೆ ಬೇರೆ ಯಾವ ಕಂಪನಿಯೂ ಇನ್ಷೂರೆನ್ಸ್ ಕೊಡುವುದಿಲ್ಲ.

ಅಷ್ಟು ದೊಡ್ಡ ರಿಪೇರಿ ಕೈಯಿಂದ ಮಾಡಿಸುವ ಶಕ್ತಿ ನನಗಿರಲಿಲ್ಲ. ಅಂದರೆ ಮನೆ ಇದ್ದ ಸ್ಥಿತಿಯಲ್ಲೇ ಮಾರಿ ಮಗಳ ಮನೆಗೆ ಹೋಗುವುದು. ಅವಳದೂ ಅದೇ ಆಸೆ. ಷಾರ್ಲೆಟ್‌ನ ಬ್ಯಾಲಂಟೈನ್ ಬಡಾವಣೆಯ ಅವಳ ಮನೆಯಲ್ಲಿ ಕೆಳಗಡೆ ನನಗೆಂದೇ ಒಂದು ರೂಮು, ಬಾತ್‌ರೂಮು ಸಿದ್ಧ ಮಾಡಿಸಿದ್ದಾಳೆ. ಚೆನ್ನಾಗಿದೆ. ಅಲ್ಲಿ ಎರಡು ವಾರ ಇದ್ದು ಬಂದಿದ್ದೇನೆ. ಅಳಿಯ ದೇವರಂಥವನು, ನಾನು ಕೆಮ್ಮಿದರೆ ಬಿಸಿನೀರು ತರುತ್ತಾನೆ. ಆದರೆ ಆ ಮನೆಯಲ್ಲಿ ಫ್ರಿಜ್ ಬಾಗಿಲು ತೆಗೆಯುವ ಮುಂಚೆ ಹಿಂದೆಮುಂದೆ ನೋಡುತ್ತೇನೆ. ಇಲ್ಲಿ ಸಾರಿಗೆ ಉಪ್ಪು ಜಾಸ್ತಿಯಾದರೆ ಚೆಲ್ಲುತ್ತೇನೆ, ಮೂರು ದಿನ ಉಪ್ಪಿಟ್ಟು ತಿಂದರೂ ಕೇಳುವವರಿಲ್ಲ, ನನ್ನ ಕಾರು ತೆಗೆದು ಲೈಬ್ರರಿಗೆ ಹೋಗುತ್ತೇನೆ. ಎಪ್ಪತ್ತೆರಡು ವರ್ಷಕ್ಕೆ ಇನ್ನೊಬ್ಬರ ಮನೆಯ ಪದ್ಧತಿ ಕಲಿಯುವ ತಾಳ್ಮೆ ನನಗಿಲ್ಲ. ಈ ಮನೆ ನನಗೆ ಬೇಕಾಗಿತ್ತು. ಅಷ್ಟು ಬೇಕಾಗಿತ್ತು ಎಂದು ಸೂರು ಬಿದ್ದ ಮೇಲೇ ಗೊತ್ತಾದದ್ದು.

ಕಂಪನಿಯವರು ನನ್ನ ಹೇಳಿಕೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ಎಂದಾಯಿತು. ಹಿಂದಿನ ದಿನವೇ ಮಗಳು ಷಾರ್ಲೆಟ್‌ನಿಂದ ಡ್ರೈವ್ ಮಾಡಿಕೊಂಡು ಬಂದಳು. ಲಾಯರ್ ಜೊತೆ ಮಾತಾಡಿ ಇಬ್ಬರೂ ಒಂದು ಉಪಾಯ ಕಂಡುಹಿಡಿದಿದ್ದರು.

"ಅಮ್ಮಾ, ಪ್ರಶ್ನೆ ಅರ್ಥ ಆಗ್ಲಿಲ್ಲ ಅಂತ ಹೇಳು. ಇಂಗ್ಲಿಷ್ ಈಸ್ ನಾಟ್ ಯುವರ್ ಫಸ್ಟ್ ಲ್ಯಾಂಗ್ವೇಜ್. ಅಪ್ಪನೇ ಎಲ್ಲಾ ನೋಡ್ಕೊಳ್ತಿದ್ರು, ನಂಗೆ ಗೊತ್ತಾಗಲ್ಲ ಅಂತ ಹೇಳು. ದೇ ವಿಲ್ ಅಂಡರ್‌ಸ್ಟ್ಯಾಂಡ್."

ಮೈಯೆಲ್ಲ ಉರಿದುಹೋಯಿತು ನನಗೆ. ಮೂವತ್ತೈದು ವರ್ಷ ಇದು ಕ್ಯಾನ್ಸರ್, ಇದು ಅಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದವಳು ನಾನು. ನನ್ನ ಒಂದು ಸಾಲು ಓದಿ ಸರ್ಜನ್‌ಗಳು ಕತ್ತಿ ಎತ್ತುತ್ತಿದ್ದರು, ಕೆಳಗಿಡುತ್ತಿದ್ದರು. ಈಗ ಸೀರೆ ಸೆರಗು ಹೊದ್ದು ಏನೂ ತಿಳಿಯದ ಮುದುಕಿಯ ವೇಷ ಹಾಕಬೇಕಂತೆ.

"ಹೌದು ಇಲ್ಲ ಅನ್ನೋದು ಅರ್ಥ ಆಗದೇ ಇರೋವಷ್ಟು ದಡ್ಡಿ ಕಾಣ್ತೀನೇನೇ ನಾನು?"

"ಅಮ್ಮಾ, ಇಟ್ಸ್ ನಾಟ್ ಅಬೌಟ್ ದಟ್. ಮನೆ ಬೇಕಾ ಬೇಡ್ವಾ ನಿಂಗೆ?"

ನನಗೆ ಮನೆ ಬೇಕು. ವೇಷ ಹಾಕಿದರೆ ಸಿಗಬಹುದು. ಅವಳು ಕಟುಕಿಯಲ್ಲ, ನನ್ನನ್ನು ತನ್ನ ಜೊತೆ ಇಟ್ಟುಕೊಳ್ಳುವ ಆಸೆ ಬಿಟ್ಟು ನನಗೆ ಬೇಕಾದದ್ದನ್ನು ಕೊಡಿಸಲು ಒದ್ದಾಡುತ್ತಿದ್ದಳು. ಮರುದಿನ ಬೆಳಗ್ಗೆ ನಾನು ಹೇಳಬೇಕಾದ ಮಾತನ್ನು ಎರಡು ಸಲ ಅಭ್ಯಾಸವೂ ಮಾಡಿದೆ ಎಂದು ಒಪ್ಪಿಕೊಳ್ಳುತ್ತೇನೆ. ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್ ದ ಕ್ವೆಶ್ಚನ್. ಕೇಳಲು ಚೆನ್ನಾಗಿಯೇ ಇತ್ತು.

ಫೋನ್ ಮಾಡಿದವಳು ಕೆರೊಲಿನಾ ಕಡೆಯ ಹೆಂಗಸು, ಎಳೆದು ಎಳೆದು ಮಾತಾಡುತ್ತಿದ್ದಳು, ಮಾತಿಗೊಮ್ಮೆ ಮ್ಯಾಮ್. ಹೆಸರು, ವಿಳಾಸ, ಟ್ರಸ್ಟ್ ಯಾವಾಗ ಮಾಡಿದಿರಿ, ಟ್ರಸ್ಟ್ ನೋಡಿಕೊಳ್ಳುವವರು ಯಾರು, ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೀರಾ. ಎಲ್ಲಕ್ಕೂ ಉತ್ತರ ಕೊಟ್ಟೆ. ಮಗಳು ಎದುರಿಗೆ ಕೂತು ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು. ಆಮೇಲೆ ಆ ಹೆಂಗಸು ಫೆಬ್ರವರಿಯ ಪ್ರಶ್ನೆಯನ್ನು ಓದಿ, "ಈ ಪ್ರಶ್ನೆ ನಿಮಗೆ ಅರ್ಥವಾಗಿತ್ತೇ ಮ್ಯಾಮ್?" ಎಂದು ಕೇಳಿದಳು. ಅವಳೂ ನನಗೆ ದಾರಿ ಬಿಟ್ಟುಕೊಡುತ್ತಿದ್ದಳು ಎಂದು ದನಿಯಲ್ಲೇ ತಿಳಿಯಿತು.

"ಅರ್ಥವಾಗಿತ್ತು," ಎಂದೆ.

ಮಗಳು ಪೆನ್ನು ಕೆಳಗಿಟ್ಟಳು.

"ಹಾಗಾದರೆ ಇಲ್ಲ ಎಂದು ಯಾಕೆ ಉತ್ತರ ಕೊಟ್ಟಿರಿ?"

ಮೊದಲು ಪುರೋಹಿತರ ಮಾತನ್ನೇ ಹೇಳಿದೆ. ನಮ್ಮಲ್ಲಿ ಹೋದವರು ಒಂದು ವರ್ಷ ದಾರಿಯಲ್ಲಿರುತ್ತಾರೆ, ಅಲ್ಲಿಯವರೆಗೆ ತಿಂಗಳು ತಿಂಗಳೂ ಅವರಿಗೆ ಬಡಿಸುತ್ತೇವೆ, ಅದಕ್ಕೇ ಹೆಸರು ತೆಗೆಸಲಿಲ್ಲ ಎಂದೆ. ಅವಳು ಟೈಪ್ ಮಾಡುವ ಸದ್ದು ಕೇಳಿಸಿತು. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಾಗಿತ್ತು. ಆದರೆ ರಿಪೋರ್ಟಿನಲ್ಲಿ ಅರ್ಧ ಬರೆದು ಬಿಡುವ ಅಭ್ಯಾಸ ನನಗಿಲ್ಲ.

"ಅದು ನೆಪ," ಎಂದೆ. "ಅದರಲ್ಲಿ ನನಗೆ ನಂಬಿಕೆ ಇಲ್ಲ. ನಾನು ಮೊದಲು ಹೌದು ಅಂತಲೇ ಒತ್ತಿದ್ದೆ. ನಿಮ್ಮ ಕಂಪ್ಯೂಟರ್ ದಿನಾಂಕ ಕೇಳಿತು. ದಿನಾಂಕ ಗೊತ್ತಿತ್ತು, ಬರೆಯಲು ಮನಸ್ಸಾಗಲಿಲ್ಲ. ಹಿಂದಕ್ಕೆ ಹೋಗಿ ಇಲ್ಲ ಎಂದು ಒತ್ತಿದೆ. ಗೊತ್ತಿದ್ದೇ ಒತ್ತಿದೆ."

ಆ ಕಡೆ ಟೈಪಿಂಗ್ ನಿಂತಿತು. ಇನ್ನೇನಾದರೂ ಸೇರಿಸುವುದಿದೆಯೇ ಮ್ಯಾಮ್ ಎಂದು ಕೇಳಿದಳು. ಇಲ್ಲ ಎಂದೆ. ನಾನು ಫೋನ್ ಇಟ್ಟೆ. ಮಗಳು ಎದ್ದು ಕಾಫಿ ಮಾಡಿ ತಂದಳು. "ಯು ಆರ್ ಇಂಪಾಸಿಬಲ್" ಎಂದು ಮಾತ್ರ ಅಂದಳು. ಅವಳಪ್ಪನೂ ಅದನ್ನೇ ಅನ್ನುತ್ತಿದ್ದರು, ಕನ್ನಡದಲ್ಲಿ ಇನ್ನೂ ಸ್ವಲ್ಪ ಖಾರವಾಗಿ.

ಮನೆ ಹೋಯಿತು ಎಂದೇ ಇಬ್ಬರೂ ತೀರ್ಮಾನಿಸಿದೆವು. ಅವಳು ವಾಪಸು ಹೋಗುವ ಮುಂಚೆ ನಾವಿಬ್ಬರೂ ಒಂದೊಂದೇ ರೂಮಿಗೆ ಹೋಗಿ ಯಾವುದು ಷಾರ್ಲೆಟ್‌ಗೆ, ಯಾವುದು ದಾನಕ್ಕೆ, ಯಾವುದು ಕಸಕ್ಕೆ ಎಂದು ಬಣ್ಣದ ಚೀಟಿ ಅಂಟಿಸಿದೆವು. ಅವರ ಸೂಟುಗಳಿಗೆ ದಾನದ ಚೀಟಿ ಅಂಟಿಸುವಾಗ ಅವಳು ಅತ್ತಳು. ನಾನು ಅಂಟಿಸುತ್ತಾ ಹೋದೆ.

ಸೆಪ್ಟೆಂಬರಿನಲ್ಲಿ ಕಂಪನಿಯ ಕಾಗದ ಬಂತು. ಕ್ಲೇಮ್ ಒಪ್ಪಿದ್ದೇವೆ ಎಂದಿತ್ತು. ನಾನು ಮೂರು ಸಲ ಓದಿ ಲಾಯರ್‌ಗೆ ಕಳಿಸಿದೆ. ಅವನು ನಗುತ್ತಾ ವಿವರಿಸಿದ. ಗಂಡ ತೀರಿಕೊಂಡದ್ದು, ಮನೆ ಟ್ರಸ್ಟಿನಲ್ಲಿರುವುದು, ಎರಡನ್ನೂ ಫೆಬ್ರವರಿಯಲ್ಲೇ ನೀವು ಹೇಳಿದ್ದರೂ ಅವರು ಪಾಲಿಸಿ ಮುಂದುವರಿಸುತ್ತಿದ್ದರು, ಅದೇ ದರಕ್ಕೆ. ಅವರ ನಿರ್ಧಾರವನ್ನು ಬದಲಿಸದ ಸುಳ್ಳು ಸುಳ್ಳೇ ಆದರೂ ಅದರ ಮೇಲೆ ಪಾಲಿಸಿ ಹೊಡೆದುಹಾಕಲು ಬರುವುದಿಲ್ಲ. ನೀವು ನಿಜ ಹೇಳಿದ್ದರಿಂದ ಅವರಿಗೆ ಬೇರೆ ಏನೂ ಅನುಮಾನ ಉಳಿಯಲಿಲ್ಲ, ಅಷ್ಟೇ. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಜೊತೆಗೆ ಸ್ವಲ್ಪ ಅವಮಾನವೂ ಆಯಿತು. ನಮ್ಮವರು ಇದ್ದರೂ ಹೋದರೂ ಕಂಪನಿಯ ಲೆಕ್ಕದಲ್ಲಿ ಒಂದೇ ದರ.

ಅದೇ ವಾರ ವರ್ಷಾಬ್ದಿಕ. ಮಗಳು ಅಳಿಯ ಬಂದರು, ಸಂಘದವರು ಇಪ್ಪತ್ತು ಜನ ಊಟಕ್ಕೆ ಬಂದರು. ಟಾರ್ಪಾಲಿನ ಕೆಳಗಿನ ರೂಮುಗಳಿಗೆ ಬೀಗ ಹಾಕಿ ಕೆಳಗಡೆ ಎಲೆ ಹಾಕಿದೆವು. ಪುರೋಹಿತರು ಇನ್ನು ಅವರು ತಲುಪಿದ ಹಾಗೆ ಅಂದರು. ಎಲ್ಲರೂ ಕಣ್ಣೊರೆಸಿಕೊಂಡರು. ನನಗೆ ಅನ್ನ ಕಮ್ಮಿ ಬೀಳುತ್ತದೋ ಏನೋ ಎಂಬ ಚಿಂತೆ ಇತ್ತು. ಬೀಳಲಿಲ್ಲ.

ಸೂರಿನ ಕೆಲಸ ಶುರುವಾಗುವ ಮೊದಲು ಪಾಲಿಸಿ ಸರಿಪಡಿಸಬೇಕು ಎಂದು ಕಂಪನಿಯ ಷರತ್ತು. ಈ ಸಲ ನಾನೇ ಫೋನ್ ಮಾಡಿ, ಅವರ ಸಂಗೀತವನ್ನೆಲ್ಲ ಪೂರ್ತಿ ಕೇಳಿಸಿಕೊಂಡು ಕೂತೆ. ಕೊನೆಗೆ ಒಬ್ಬಳು ಹುಡುಗಿ ಬಂದಳು, ಚುರುಕಾಗಿದ್ದಳು. ಈ ಮಾತುಕತೆ ರೆಕಾರ್ಡ್ ಆಗುತ್ತಿದೆ ಅಂದಳು. ನಮ್ಮವರ ಹೆಸರು ತೆಗೆದಳು. ಟ್ರಸ್ಟಿನ ಹೆಸರು ಸೇರಿಸಿದಳು, ಅದನ್ನು ನೋಡಿಕೊಳ್ಳುವವಳು ಎಂದು ನನ್ನ ಹೆಸರು ಹಾಕಿದಳು. ದಿನಾಂಕ ಕೇಳಿದಾಗ ದಿನಾಂಕ ಹೇಳಿದೆ. ಏನೂ ಆಗಲಿಲ್ಲ. ಎಷ್ಟು ಸುಲಭ ಇತ್ತಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

"ಮನೆಯಲ್ಲಿ ಎಷ್ಟು ಜನ ವಾಸವಿದ್ದೀರಿ?" ಎಂದು ಕೇಳಿದಳು.

"ಒಬ್ಬಳು."

"ಸರಿಯಾಗಿ ಕೇಳಿಸಲಿಲ್ಲ, ರೆಕಾರ್ಡಿಂಗ್‌ಗೆ ಇನ್ನೊಂದು ಸಲ ಹೇಳ್ತೀರಾ?"

ಎರಡನೇ ಸಲ ಬಾಯಿ ತೆರೆದರೆ ಮಾತಿನ ಬದಲು ಅಳು ಬಂತು. ಅವರು ಬಿದ್ದ ದಿನ ಬರಲಿಲ್ಲ, ಹನ್ನೆರಡು ಮಾಸಿಕದಲ್ಲಿ ಬರಲಿಲ್ಲ, ಮರ ಬಿದ್ದಾಗ ಬರಲಿಲ್ಲ. ಈಗ ಗುರುತಿಲ್ಲದ ಹುಡುಗಿಯ ಕಿವಿಗೆ ಫೋನಿನಲ್ಲಿ ಅತ್ತೆ, ನಾಚಿಕೆ ಬಿಟ್ಟು ಅತ್ತೆ. ಆ ಹುಡುಗಿ ಫೋನ್ ಇಡಲಿಲ್ಲ, ಸಂಗೀತವನ್ನೂ ಹಾಕಲಿಲ್ಲ. ಕಾದಳು. ನಾನು ಮೂಗು ಒರೆಸಿಕೊಂಡು, ಸ್ಪಷ್ಟವಾಗಿ ಕೇಳಿಸುವ ಹಾಗೆ ಹೇಳಿದೆ, ಒಬ್ಬಳೇ ಎಂದು.

ಥ್ಯಾಂಕ್ ಯೂ ಅಂದಳು. ಮನೆಯಲ್ಲಿ ನಾಯಿ ಇದೆಯೇ ಎಂದು ಮುಂದಿನ ಪ್ರಶ್ನೆ ಕೇಳಿದಳು.